ಅಜ್ಜಿಗೆ ಆ್ಯಪ್ ಬೇಡ, ದೊಡ್ಡಮ್ಮನಿಗೆ ಎರಡು ಗಂಟೆ ಬೇಕು

ಎರಡನೇ ಸೆಮ್‌ನಲ್ಲಿ ನಮ್ಮಲ್ಲಿ ಒಂದು ಹ್ಯಾಕಥಾನ್ ನಡೆಯಿತು. ಕೊಟ್ಟ ಥೀಮ್‌ಗಳಲ್ಲಿ ‘ಹಿರಿಯರ ಆರೈಕೆ’ ಅನ್ನೋದೂ ಒಂದು. ನಮ್ಮ ಟೀಮಿನ ನಾಲ್ಕು ಜನರಲ್ಲಿ ಡಿಮೆನ್ಶಿಯ ಇರುವ ಅಜ್ಜಿ ಇದ್ದಿದ್ದು ನನಗೆ ಮಾತ್ರ, ಹಾಗಾಗಿ ಐಡಿಯಾ ನನ್ನದೇ ಆಯಿತು. ಕೈಗೆ ಕಟ್ಟುವ ಒಂದು ಬ್ಯಾಂಡ್, ಅದರಲ್ಲಿ ಜಿಪಿಎಸ್. ಅಜ್ಜಿ ಮನೆಯಿಂದ 50 ಮೀಟರ್ ದಾಟಿದರೆ ಮನೆಯವರ ಫೋನಿಗೆ ಅಲರ್ಟ್. ಮಾತ್ರೆಯ ಹೊತ್ತಿಗೆ ರಿಮೈಂಡರ್. ಮನೆಯವರ ಫೋಟೋ ತೋರಿಸಿ ಹೆಸರು ಹೇಳುವ ಒಂದು ಸ್ಕ್ರೀನ್. ರಾತ್ರಿಯೆಲ್ಲಾ ಕೂತು, ಮ್ಯಾಗಿ ತಿಂದು ಮಾಡಿದ್ವಿ. ಜಡ್ಜ್‌ಗಳು ‘ವೆರಿ ರೆಲೆವೆಂಟ್’ ಅಂದರು. ಮೂರನೇ ಬಹುಮಾನ ಬಂತು.

ಜುಲೈ ರಜೆಯಲ್ಲಿ ಅದನ್ನು ಬ್ಯಾಗಿಗೆ ಹಾಕಿಕೊಂಡು ಮೆಣಸೆಗೆ ಹೋದೆ. ನಾಲ್ಕೇ ದಿನದಲ್ಲಿ ಅದು ಯಾಕೆ ಕೆಲಸಕ್ಕೆ ಬರಲ್ಲ ಅಂತ ಗೊತ್ತಾಯಿತು. ಅದಕ್ಕಿಂತ ದೊಡ್ಡ ವಿಷಯ ಒಂದೂ ಗೊತ್ತಾಯಿತು. ಈ ಲೇಖನ ಅದರ ಬಗ್ಗೆ. ಮೊದಲೇ ಹೇಳಿಬಿಡ್ತೀನಿ: ಮರೆವಿನ ಕಾಯಿಲೆ ಇರುವವರ ಮನೆಗೆ ಇವತ್ತು ತುರ್ತಾಗಿ ಬೇಕಿರೋದು ಅವರನ್ನು ನೋಡಿಕೊಳ್ಳುವವರಿಗೆ ಒಂದಿಷ್ಟು ಬಿಡುವು. ಆ ಬಿಡುವು ಯಾರದೋ ಒಳ್ಳೇತನದಿಂದ ಸಿಗುವ ಹಾಗಿರಬಾರದು. ಅಂಗನವಾಡಿ ಸಿಗುವ ಹಾಗೆ, ರೇಷನ್ ಸಿಗುವ ಹಾಗೆ, ಊರಿನಲ್ಲೇ ಒಂದು ಸೇವೆಯಾಗಿ ಸಿಗಬೇಕು.

ಮೆಣಸೆ ಶೃಂಗೇರಿ ಪೇಟೆಗೆ ಹತ್ತಿರದ ಊರು. ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಕ್ಯಾಂಪಸ್ ಇರೋದು ಅಲ್ಲೇ, ಹಾಗಾಗಿ ಹೊರಗಿನವರಿಗೂ ಹೆಸರು ಗೊತ್ತಿರುತ್ತೆ. ನಮ್ಮ ದೊಡ್ಡಪ್ಪನ ಮನೆ ಮೇನ್ ರೋಡಿನಿಂದ ಒಳಗೆ. ಬಯಲುಸೀಮೆಯ ಫ್ರೆಂಡ್ಸ್‌ಗೆ ಒಂದು ಮಾತು ಹೇಳಬೇಕು: ಮಲೆನಾಡಲ್ಲಿ ಊರು ಅಂದರೆ ಮನೆ ಪಕ್ಕ ಮನೆ ಇರೋ ಬೀದಿ ಅಲ್ಲ. ಒಂದು ಮನೆ, ಅದರ ಸುತ್ತ ಅಡಿಕೆ ತೋಟ, ಆಮೇಲೆ ಕಾಡು, ಆಮೇಲೆ ಇನ್ನೊಂದು ಮನೆ. ಪಕ್ಕದ ಮನೆಯವರನ್ನು ಕರೆಯಬೇಕಾದರೆ ಅಂಗಳದ ತುದಿಯಲ್ಲಿ ನಿಂತು ಕೂಗಬೇಕು. ಮಳೆಗಾಲದಲ್ಲಿ ಆ ಕೂಗೂ ಕೇಳಲ್ಲ. ನೆಟ್‌ವರ್ಕ್ ಸಿಗೋದು ಜಗಲಿಯ ಒಂದು ಕಂಬದ ಹತ್ತಿರ ಮಾತ್ರ. ಕರೆಂಟು ಹೋದರೆ ಎರಡು ದಿನಕ್ಕೆ ಬಂದರೆ ಪುಣ್ಯ.

ನನ್ನ ಬ್ಯಾಂಡಿನ ಕಥೆ ಹೀಗಾಯಿತು. ಮೊದಲನೇ ದಿನ ಅಜ್ಜಿ ಅದನ್ನು ನೋಡಿ, “ಇದ್ಯಾರದ್ದು ಕೈಗಡಿಯಾರ, ಪಾಪ ಹುಡುಕ್ತಿರ್ತಾರೆ” ಅಂತ ಬಿಚ್ಚಿ ಅಕ್ಕಿ ಡಬ್ಬದಲ್ಲಿ ಇಟ್ಟರು. ಎರಡನೇ ದಿನ ಕರೆಂಟಿಲ್ಲದೆ ಅದು ಚಾರ್ಜ್ ಆಗಲಿಲ್ಲ. ಮೂರನೇ ದಿನ ಸಂಜೆ ಅಜ್ಜಿ ನಿಜವಾಗಲೂ ಕಾಣಿಸಲಿಲ್ಲ. ನನ್ನ ಆ್ಯಪ್ ‘ಮನೆಯಲ್ಲೇ ಇದ್ದಾರೆ’ ಅಂತ ಹಸಿರು ಬಣ್ಣದಲ್ಲಿ ತೋರಿಸ್ತಾ ಇತ್ತು. ಬ್ಯಾಂಡು ಮತ್ತೆ ಡಬ್ಬದಲ್ಲಿತ್ತು. ನಾನು ಫೋನ್ ಹಿಡಿದು ಕಂಬದ ಹತ್ತಿರ ಓಡುವಷ್ಟರಲ್ಲಿ ದೊಡ್ಡಮ್ಮ ಕೊಡೆ ಹಿಡಿದು ತೋಟದ ಕಡೆ ಇಳಿದು ಹೋಗಿದ್ದರು. ಉಣುಗೋಲು ದಾಟಿ, ಹಳ್ಳದ ಸಂಕದ ಈಚೆ ಅಜ್ಜಿ ನಿಂತಿದ್ದರು. ಹಳ್ಳ ತುಂಬಿ ಹರೀತಿತ್ತು.

“ನಿಮಗೆ ಹೇಗೆ ಗೊತ್ತಾಯ್ತು?” ಅಂತ ಕೇಳಿದೆ. “ಸಂಜೆ ಆದ್ರೆ ಅವರಿಗೆ ಅಮ್ಮನ ಮನೆಗೆ ಹೋಗ್ಬೇಕು ಪುಟ್ಟಿ. ಹಳೇ ಕಾಲುದಾರಿ ಅದೇ ಅಲ್ವಾ” ಅಂದರು.

ಅಲ್ಲಿ ದೊಡ್ಡಮ್ಮ ಅಜ್ಜಿಗೆ ಹೇಳಿದ್ದನ್ನೂ ಬರೀಬೇಕು. “ನಿಮ್ಮ ಅಮ್ಮ ಸತ್ತು ನಲವತ್ತು ವರ್ಷ ಆಯ್ತು” ಅಂತ ಹೇಳಲಿಲ್ಲ. ಬೈಯಲಿಲ್ಲ. “ಬಸ್ಸು ಈಗ ಹೋಯ್ತಂತೆ ಅತ್ತೆ. ಕಾಫಿ ಕುಡೀರಿ, ಮುಂದಿನ ಬಸ್ಸಿಗೆ ಹೋಗಿ” ಅಂದರು. ಅಜ್ಜಿ ತಲೆ ಆಡಿಸಿ ಅವರ ಜೊತೆ ಬಂದರು. ಆಮೇಲೆ ಹಾಸ್ಟೆಲಿಗೆ ಬಂದು ಓದಿದಾಗ ಗೊತ್ತಾಯಿತು: ಸಂಜೆ ಹೊತ್ತಿಗೆ ಗೊಂದಲ ಜಾಸ್ತಿ ಆಗೋದಕ್ಕೆ ಡಾಕ್ಟರ್‌ಗಳು ‘ಸನ್‌ಡೌನಿಂಗ್’ ಅಂತಾರೆ. ವಾದ ಮಾಡದೆ, ಗಮನವನ್ನು ಮೆಲ್ಲಗೆ ಬೇರೆ ಕಡೆ ತಿರುಗಿಸೋದನ್ನು ಆರೈಕೆಯ ತರಬೇತಿಗಳಲ್ಲಿ ಹೇಳಿಕೊಡ್ತಾರೆ. ದೊಡ್ಡಮ್ಮನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನೂರು ಸಲ ತಪ್ಪು ಮಾಡಿ, ನೂರು ಸಲ ಅಜ್ಜಿಯನ್ನೂ ತಮ್ಮನ್ನೂ ಅಳಿಸಿ ಕಲಿತಿದ್ದು ಅದು.

ಇಲ್ಲಿ ಒಂದು ತಪ್ಪೊಪ್ಪಿಗೆ. ಆ ನಾಲ್ಕು ದಿನ ನಾನು ಉಪ್ಪರಿಗೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಅಜ್ಜಿಗಾಗಿ ಆ್ಯಪ್ ಸರಿಮಾಡ್ತಾ ಕೂತಿದ್ದೆ. ಕೆಳಗೆ ದೊಡ್ಡಮ್ಮ ಒಬ್ಬರೇ ಅಜ್ಜಿಯ ಒದ್ದೆ ಸೀರೆ ಬದಲಾಯಿಸ್ತಾ ಇದ್ದರು. ನಾಲ್ಕನೇ ದಿನ ಮೇಲೆ ಬಂದು ಬಾಗಿಲಲ್ಲಿ ನಿಂತು ಕೇಳಿದರು: “ನಿನ್ನ ಕೆಲಸ ಮುಗೀತಾ ಪುಟ್ಟಿ? ಒಂದೆರಡು ಗಂಟೆ ಅಜ್ಜಿ ಹತ್ರ ಕೂತ್ಕೋತೀಯಾ? ಪೇಟೆಗೆ ಹೋಗಿ ನನ್ನ ಬಿಪಿ ಮಾತ್ರೆ ತರ್ಬೇಕಿತ್ತು. ಮುಗಿದು ಇಪ್ಪತ್ತು ದಿನ ಆಯ್ತು.”

ಆವತ್ತಿಂದ ಒಂದು ದಿನ ಪೂರ್ತಿ ಅವರ ಹಿಂದೆ ನೋಟ್‌ಬುಕ್ ಹಿಡಿದು ಓಡಾಡಿದೆ. ಬೆಳಗ್ಗೆ 4:40ಕ್ಕೆ ಅಜ್ಜಿ ಎದ್ದರು, ಅವರ ಜೊತೆ ದೊಡ್ಡಮ್ಮನೂ. ರಾತ್ರಿ 11ಕ್ಕೆ ಮಲಗಿದರು. ನಡುರಾತ್ರಿ ಎರಡು ಸಲ ಎದ್ದರು. “ಅಪ್ಪಯ್ಯ ಬಂದ್ರಾ?” ಅಂತ ಅಜ್ಜಿ ಕೇಳಿದ್ದು 41 ಸಲ, ದೊಡ್ಡಮ್ಮ ಉತ್ತರ ಕೊಟ್ಟಿದ್ದು 41 ಸಲ. ಹಾಸಿಗೆ ಒದ್ದೆಯಾಗಿದ್ದು ಮೂರು ಸಲ. ಆ ಮಳೆಯಲ್ಲಿ ಬಟ್ಟೆ ಒಣಗೋದು ಎಲ್ಲಿ? ಬಚ್ಚಲ ಒಲೆಯ ಹತ್ತಿರ ಹಗ್ಗ ಕಟ್ಟಿ ಒಣಗಿಸ್ತಾರೆ. ಅವರಿಗೆ ಒಟ್ಟಿಗೆ ಸಿಕ್ಕ ಅತಿ ಉದ್ದದ ಬಿಡುವು 25 ನಿಮಿಷ, ಮಧ್ಯಾಹ್ನ ಅಜ್ಜಿಗೆ ನಿದ್ದೆ ಬಂದಾಗ. ಆಗ ಅವರು ಬಟ್ಟೆ ಒಗೆದರು. ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು, ಆಪರೇಷನ್ ಎರಡು ಸಲ ಮುಂದಕ್ಕೆ ಹೋಗಿತ್ತು. ಕಾರಣ ದುಡ್ಡಲ್ಲ. ಆ ದಿನಗಳಲ್ಲಿ ಅಜ್ಜಿಯನ್ನು ಯಾರು ನೋಡಿಕೊಳ್ಳೋದು ಅನ್ನೋದು.

ದೊಡ್ಡಪ್ಪ ಕೆಟ್ಟವರಲ್ಲ. ಅವರಿಗೆ ತೋಟ ಇದೆ. ಹಳದಿ ಎಲೆ ರೋಗ, ಎಲೆಚುಕ್ಕೆ ರೋಗ ಎರಡೂ ಬಂದ ಮೇಲೆ ನಮ್ಮ ಕಡೆ ಅಡಿಕೆ ನಂಬಿ ಬದುಕೋದು ಹೇಗೆ ಅನ್ನೋ ಚಿಂತೆ ಎಲ್ಲರ ಮನೆಯಲ್ಲೂ ಇದೆ. ಅದೇ ಕಾರಣಕ್ಕೆ ಅವರ ಮಗ ಬೆಂಗಳೂರಲ್ಲಿದ್ದಾನೆ, ನಮ್ಮಪ್ಪ ಕೂಡ ಊರು ಬಿಟ್ಟಿದ್ದು. ಯಾರನ್ನೂ ಬೈಯೋಕೆ ಹೇಳ್ತಿಲ್ಲ. ಆದರೆ “ನಮ್ಮಲ್ಲಿ ಹಿರಿಯರನ್ನು ಕುಟುಂಬವೇ ನೋಡಿಕೊಳ್ಳುತ್ತೆ” ಅಂತ ನಾವು ಭಾಷಣದಲ್ಲಿ ಹೇಳ್ತೀವಲ್ಲ, ಆ ಕುಟುಂಬ ಅಂದರೆ ಲೆಕ್ಕದಲ್ಲಿ ಒಬ್ಬರು ಹೆಂಗಸು. ಸೊಸೆ, ಇಲ್ಲ ಮಗಳು, ಇಲ್ಲ ಹೆಂಡತಿ. ನಮ್ಮ ಕಸಿನ್ಸ್‌ನಲ್ಲಿ ಹುಡುಗರನ್ನು ಇಷ್ಟು ವರ್ಷದಲ್ಲಿ ಒಂದು ದಿನವೂ “ಅಜ್ಜಿ ಹತ್ರ ಕೂತ್ಕೋ” ಅಂತ ಯಾರೂ ಕೇಳಿರಲಿಲ್ಲ. ಅವರು ಇಲ್ಲ ಅಂದಿರಲೂ ಇಲ್ಲ. ಕೇಳೋದೇ ಯಾರಿಗೂ ಹೊಳೆದಿರಲಿಲ್ಲ.

‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ನಮ್ಮಲ್ಲಿ ಬಹಳ ಜನ ನೋಡಿರ್ತೀರಿ. 2016ರ ಹೇಮಂತ್ ರಾವ್ ಸಿನಿಮಾ. ಅಲ್ಜೈಮರ್ಸ್ ಇರುವ ವೆಂಕೋಬ ರಾವ್ ಆಗಿ ಅನಂತ್ ನಾಗ್ ಕಾಣೆಯಾಗ್ತಾರೆ, ಮಗ ಹುಡುಕ್ತಾನೆ. ನಾನೂ ಅತ್ತಿದ್ದೆ. ಆದರೆ ಕಾಣೆಯಾಗದೆ, ದಿನಾ ಮನೆಯಲ್ಲೇ ಇರುವವರನ್ನು ಎಂಟು ವರ್ಷ, ಹತ್ತು ವರ್ಷ ನೋಡಿಕೊಳ್ಳುವವರ ಕಥೆ ಸಿನಿಮಾ ಆಗೋದು ಕಷ್ಟ. ಅದರಲ್ಲಿ ನಡೆಯೋದು ಒಂದೇ ವಿಷಯ, ದಿನಾ.

ಈಗ ಸ್ವಲ್ಪ ಲೆಕ್ಕ. ದೇಶದಾದ್ಯಂತ ಹಿರಿಯರನ್ನು ಪರೀಕ್ಷಿಸಿ ಮಾಡಿದ ಲಾಸಿ-ಡ್ಯಾಡ್ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನ ಪ್ರಕಾರ ಭಾರತದಲ್ಲಿ 60 ವರ್ಷ ದಾಟಿದವರಲ್ಲಿ 7.4% ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಜಾಸ್ತಿ. 60 ದಾಟಿದ 500 ಜನ ಇರುವ ಒಂದು ಪಂಚಾಯಿತಿ ಅಂದುಕೊಳ್ಳಿ. ದೇಶದ ಸರಾಸರಿ ಹಿಡಿದರೂ ಅಲ್ಲಿ 37 ಜನ ಆಗ್ತಾರೆ. ಆ 37 ಜನರ ಹಿಂದೆ ಕನಿಷ್ಠ 37 ದೊಡ್ಡಮ್ಮಂದಿರು. ಅವರನ್ನು ಯಾವ ಪಟ್ಟಿಯಲ್ಲೂ ಎಣಿಸಲ್ಲ.

ರೋಗಿಗಳನ್ನೇ ನಾವು ಸರಿಯಾಗಿ ಎಣಿಸಿಲ್ಲ. ಅದಕ್ಕೆ ಒಂದು ಕಾರಣ ನಮ್ಮ ಮಾತು. ‘ಅರವತ್ತಕ್ಕೆ ಅರಳು ಮರಳು’ ಅಂತ ಗಾದೆ ಇದೆ. ಅಜ್ಜಿ ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದಾಗ, ದೀಪ ಹಚ್ಚಿದ್ದನ್ನು ಮರೆತು ಮತ್ತೆ ಹಚ್ಚಿದಾಗ ಮನೆಯವರೆಲ್ಲ ಅದೇ ಗಾದೆ ಹೇಳಿ ನಕ್ಕಿದ್ವಿ. ಮೂರು ವರ್ಷ ಹಾಗೇ ಹೋಯಿತು. ವಯಸ್ಸಾದ ಮೇಲೆ ಕನ್ನಡಕ ಎಲ್ಲಿಟ್ಟೆ ಅಂತ ಮರೆಯೋದು ಸಹಜ. ಕನ್ನಡಕ ಯಾಕೆ ಹಾಕಿಕೊಳ್ತಾರೆ ಅನ್ನೋದೇ ಮರೆತರೆ ಅದು ಸಹಜವಲ್ಲ. ಮೆದುಳಿಗೆ ಬರುವ ಹಲವು ಕಾಯಿಲೆಗಳಿಂದ ಆಗುವ ಆ ಸ್ಥಿತಿಗೆ ಡಿಮೆನ್ಶಿಯ ಅಂತಾರೆ, ಅವುಗಳಲ್ಲಿ ಅಲ್ಜೈಮರ್ಸ್ ಎಲ್ಲಕ್ಕಿಂತ ಸಾಮಾನ್ಯ. ಬಿ12 ಕಡಿಮೆಯಾದರೂ, ಥೈರಾಯ್ಡ್ ತೊಂದರೆ ಇದ್ದರೂ ಇದೇ ತರಹ ಮರೆವು ಬರಬಹುದು, ಅದನ್ನು ಚಿಕಿತ್ಸೆಯಿಂದ ಸರಿಮಾಡಬಹುದು. ಗಾದೆ ಹೇಳಿ ನಕ್ಕು ಸುಮ್ಮನಾದರೆ ಆ ಅವಕಾಶವೂ ಹೋಗುತ್ತೆ.

ಜಪಾನಿನಲ್ಲಿ ಈ ಕಾಯಿಲೆಗಿದ್ದ ಹಳೇ ಹೆಸರಿಗೆ ದಡ್ಡತನ ಅನ್ನೋ ಅರ್ಥವೂ ಇತ್ತು. 2004ರಲ್ಲಿ ಸರ್ಕಾರವೇ ಆ ಪದ ಬಿಟ್ಟು ಹೊಸ ಪದ ತಂದಿತು. ಮುಂದಿನ ವರ್ಷದಿಂದ ಅಂಗಡಿಯವರು, ಬ್ಯಾಂಕಿನವರು, ಶಾಲೆಯ ಮಕ್ಕಳು, ಎಲ್ಲರಿಗೂ ಸುಮಾರು ಒಂದೂವರೆ ಗಂಟೆಯ ಪಾಠ ಶುರು ಮಾಡಿದರು: ಇಂಥವರು ನಿಮ್ಮ ಎದುರು ಬಂದರೆ ಹೇಗೆ ಮಾತಾಡಬೇಕು ಅಂತ. ಒಂದು ಕೋಟಿಗೂ ಹೆಚ್ಚು ಜನ ಆ ಪಾಠ ಕೇಳಿದ್ದಾರೆ. ಕನ್ನಡದಲ್ಲಿ ‘ಮರೆಗುಳಿತನ’ ಅನ್ನೋ ಪದ ಈಗಾಗಲೇ ಇದೆ, ಯಾರಿಗೂ ಅವಮಾನ ಮಾಡದ ಪದ. ಕನ್ನಡ ಸಂಘ ಅಂತ ಇರೋ ನಾವು ಅದನ್ನಾದರೂ ಬಳಸಬಹುದಲ್ವಾ?

ಭಾಷೆ ವಿಷಯ ಬಂತು ಅಂತ ಇನ್ನೊಂದು ನೆನಪು. ಎರಡು ವರ್ಷದ ಹಿಂದೆ ಜುಲೈನಲ್ಲಿ ಅಜ್ಜಿಯನ್ನು ಮೊದಲ ಸಲ ದೂರದ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ನಾನೂ ಹೋಗಿದ್ದೆ. ಕಿರಿಯ ಡಾಕ್ಟರ್ ಒಬ್ಬರು ಅರ್ಧ ಕನ್ನಡದಲ್ಲಿ ಪ್ರಶ್ನೆ ಕೇಳ್ತಿದ್ದರು. “ಇವತ್ತು ಡೇಟ್ ಎಷ್ಟು? ಯಾವ ಸೀಸನ್?” ಅಜ್ಜಿ ಹೇಳಿದರು: “ಪುನರ್ವಸು ಮಳೆ. ಪುಷ್ಯ ಹುಟ್ಟೋಕೆ ಇನ್ನು ನಾಲ್ಕು ದಿನ ಇದೆ.” ಡಾಕ್ಟರ್ ನನ್ನ ಮುಖ ನೋಡಿದರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೂ ಪುಷ್ಯ ಮಳೆ ಯಾವಾಗ ಅಂತ ಗೊತ್ತಿರಲಿಲ್ಲ. ಅವರು ಸೊನ್ನೆ ಬರೆದುಕೊಂಡರು. ಮನೆಗೆ ಬಂದು ಕ್ಯಾಲೆಂಡರ್ ನೋಡಿದರೆ ಅಜ್ಜಿ ಹೇಳಿದ್ದು ಸರಿಯಾಗಿತ್ತು. ಅಜ್ಜಿಗೆ ಕಾಯಿಲೆ ಇರಲಿಲ್ಲ ಅಂತ ನಾನು ಹೇಳ್ತಿಲ್ಲ. ಬೆಳಗ್ಗೆ ತಿಂಡಿ ತಿಂದಿದ್ದೇ ಅವರಿಗೆ ನೆನಪಿರಲಿಲ್ಲ. ಆದರೆ ಆ ಪ್ರಶ್ನೆಪತ್ರಿಕೆ ಮಾಡಿದವರು ಅಜ್ಜಿಯಂಥವರ ಮನೆಯಲ್ಲಿ ಒಂದು ದಿನವೂ ಕೂತಿರಲಿಲ್ಲ. ಆಮೇಲೆ ಯೋಚಿಸಿದಾಗ, ನನ್ನ ಬ್ಯಾಂಡ್ ಮಾಡಿದವರೂ ಕೂತಿರಲಿಲ್ಲ. ಐಸಿಎಂಆರ್ ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಿಗೆ ಹೊಂದಿಸಿದ ಪರೀಕ್ಷೆಗಳನ್ನು ಮಾಡಿದೆ ಅಂತ ಈಚೆಗೆ ಓದಿ ಸಮಾಧಾನ ಆಯಿತು. ಅಂಥದ್ದು ತಾಲ್ಲೂಕಿನ ಆಸ್ಪತ್ರೆವರೆಗೂ ಬರಬೇಕು.

ಹಾಗಾದರೆ ಈಗ ಏನೇನು ಸೇವೆ ಇದೆ? ಏನೂ ಇಲ್ಲ ಅಂದರೆ ಸುಳ್ಳಾಗುತ್ತೆ. ಬೆಂಗಳೂರಲ್ಲಿ ನಿಮ್ಹಾನ್ಸ್ ಇದೆ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನ ಡಿಮೆನ್ಶಿಯ ಕೇಂದ್ರ ಇದೆ. 1992ರಲ್ಲಿ ಕೇರಳದಲ್ಲಿ ಶುರುವಾದ ಎಆರ್‌ಡಿಎಸ್‌ಐ ಸಂಸ್ಥೆಯ ಶಾಖೆ ಇದೆ. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ‘ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್’ ಶುರು ಮಾಡಿತು. ಮೊದಲು ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರು ದಕ್ಷಿಣ ಭಾಗದಲ್ಲಿ ಪ್ರಾಯೋಗಿಕವಾಗಿ, ಆಮೇಲೆ ಬೇರೆ ಜಿಲ್ಲೆಗಳ ಕಡೆಗೂ. ತಾಲ್ಲೂಕು ಆಸ್ಪತ್ರೆಗೆ ಗೊತ್ತಾದ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮ ಇದೆ. ಫೋನ್ ಮಾಡೋದಕ್ಕೆ ಟೆಲಿ-ಮಾನಸ್ 14416, ಹಿರಿಯರ ಸಹಾಯವಾಣಿ 14567. ಈ ಎರಡು ನಂಬರ್ ಸೇವ್ ಮಾಡಿಕೊಳ್ಳಿ. 14416ಕ್ಕೆ ನೋಡಿಕೊಳ್ಳುವವರೂ ತಮ್ಮ ಕಷ್ಟ ಹೇಳಿಕೊಂಡು ಫೋನ್ ಮಾಡಬಹುದು, ಕನ್ನಡದಲ್ಲೇ.

ಇದೆಲ್ಲ ಒಳ್ಳೆಯದೇ. ಆದರೆ ಮೆಣಸೆಯ ಜಗಲಿಯಲ್ಲಿ ಕೂತು ನೋಡಿ. ಚಿಕ್ಕಮಗಳೂರು ಸುಮಾರು 90 ಕಿಲೋಮೀಟರ್. ಮಣಿಪಾಲ ಸುಮಾರು 80, ಅದೂ ಆಗುಂಬೆ ಘಾಟಿ ಇಳಿದು. ಶಿವಮೊಗ್ಗ ಸುಮಾರು 100. ಬಸ್ಸಿನಲ್ಲಿ ಅರ್ಧ ದಾರಿಗೆ “ಇಳಿಸಿ, ಮನೆಗೆ ಹೋಗ್ಬೇಕು” ಅಂತ ಎದ್ದು ನಿಲ್ಲುವವರನ್ನು ಕರೆದುಕೊಂಡು ಆ ತಿರುವುಗಳಲ್ಲಿ ಹೋಗೋದು ಹೇಗೆ? ಇನ್ನೊಂದು ವಿಷಯ: ಈ ಪಟ್ಟಿಯಲ್ಲಿ ಹೆಚ್ಚಿನದು ಕಾಯಿಲೆ ಕಂಡುಹಿಡಿಯೋದಕ್ಕೆ, ಸಲಹೆ ಕೊಡೋದಕ್ಕೆ. ಕಂಡುಹಿಡಿದ ಮೇಲೆ? ಅಲ್ಜೈಮರ್ಸ್ ವಾಸಿ ಮಾಡುವ ಔಷಧಿ ಇಲ್ಲ. ಈಗ ಕೊಡುವ ಮಾತ್ರೆಗಳು ಲಕ್ಷಣಗಳನ್ನು ಸ್ವಲ್ಪ ಕಾಲ ಹತೋಟಿಯಲ್ಲಿ ಇಡಬಹುದು, ಅಷ್ಟೆ. ಡಾಕ್ಟರ್ ಹತ್ತು ನಿಮಿಷ ನೋಡಿ ಕಳಿಸಿದ ಮೇಲೆ ಮಿಕ್ಕ ಎಲ್ಲಾ ಗಂಟೆಗಳೂ ಮನೆಯವೇ. ಆ ಗಂಟೆಗಳಿಗೆ ಯಾವ ಸೇವೆಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಡಿಮೆನ್ಶಿಯಕ್ಕೆ ಒಂದು ಜಾಗತಿಕ ಯೋಜನೆ ಮಾಡಿತು. ಅದರ ಏಳು ಭಾಗಗಳಲ್ಲಿ ‘ನೋಡಿಕೊಳ್ಳುವವರಿಗೆ ಬೆಂಬಲ’ ಅನ್ನೋದೇ ಒಂದು ಪ್ರತ್ಯೇಕ ಭಾಗ. ನಮ್ಮ ಊರುಗಳಲ್ಲಿ ಅದು ಇನ್ನೂ ಶುರುವೇ ಆಗಿಲ್ಲ.

ನನ್ನ ಸಲಹೆ ದೊಡ್ಡದೇನಲ್ಲ. ಕರ್ನಾಟಕದಲ್ಲಿ ‘ಕೂಸಿನ ಮನೆ’ ಅಂತ ಒಂದು ಯೋಜನೆ ಇದೆ. ತಾಯಂದಿರು ಕೂಲಿ ಕೆಲಸಕ್ಕೆ ಹೋದಾಗ ಮೂರು ವರ್ಷದೊಳಗಿನ ಮಕ್ಕಳನ್ನು ಗ್ರಾಮ ಪಂಚಾಯಿತಿಯೇ ನೋಡಿಕೊಳ್ಳುವ ಜಾಗ. 2023-24ರ ಬಜೆಟ್ಟಿನಲ್ಲಿ 4,000 ಪಂಚಾಯಿತಿಗಳಲ್ಲಿ ಮಾಡ್ತೀವಿ ಅಂತ ಘೋಷಿಸಿದರು. ಅದರ ಹಿಂದಿನ ಯೋಚನೆ ನೋಡಿ: ಮಗು ನೋಡಿಕೊಳ್ಳೋದು ತಾಯಿಯೊಬ್ಬಳ ಕೆಲಸ ಅಲ್ಲ, ಊರಿನದ್ದೂ ಹೌದು. ಅದೇ ಯೋಚನೆಯಲ್ಲಿ ಒಂದು ‘ಅಜ್ಜಿ ಮನೆ’ ಯಾಕೆ ಆಗಬಾರದು? ಒಂದು ಕೋಣೆ, ಜಾರದ ನೆಲ, ಹಿಡಿದುಕೊಳ್ಳೋಕೆ ಕಂಬಿ ಇರುವ ಬಚ್ಚಲು, ಸುತ್ತ ಬೇಲಿ ಇರುವ ಅಂಗಳ, ಮಧ್ಯಾಹ್ನದ ಊಟ, ತರಬೇತಿ ಪಡೆದ ಇಬ್ಬರು ಹೆಂಗಸರು. ಬೆಳಗ್ಗೆ 10ರಿಂದ 4. ಮನೆ ಬಿಟ್ಟು ಬರಲಾರದವರಿಗೆ ಅದೇ ಇಬ್ಬರಲ್ಲಿ ಒಬ್ಬರು ವಾರಕ್ಕೆ ಎರಡು ದಿನ ಮನೆಗೇ ಹೋಗಿ ಎರಡೆರಡು ಗಂಟೆ ಕೂತಿರೋದು.

ಖರ್ಚು? 2025-26ಕ್ಕೆ ನಿಗದಿಯಾದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಕಡಿಮೆ ಅಂದರೆ ಅಷ್ಟಾದರೂ ಕೊಡಬೇಕು. ಇಬ್ಬರಿಗೆ 25 ದಿನಕ್ಕೆ 18,500 ರೂಪಾಯಿ. ಊಟ, ಕರೆದುಕೊಂಡು ಬರೋಕೆ ಆಟೋ ಸೇರಿಸಿ ಇನ್ನಷ್ಟು ಆಗಲಿ. ನಮ್ಮ ಫೆಸ್ಟಿನ ಒಂದು ರಾತ್ರಿಯ ಸೌಂಡು-ಲೈಟಿನ ಬಿಲ್ಲು ನೋಡಿದವರಿಗೆ ಇದು ದೊಡ್ಡ ಮೊತ್ತ ಅನ್ನಿಸಲ್ಲ. ಕೇರಳ ಸರ್ಕಾರ 2014ರಲ್ಲೇ ಎಆರ್‌ಡಿಎಸ್‌ಐ ಜೊತೆ ಸೇರಿ ‘ಸ್ಮೃತಿಪಥಂ’ ಅಂತ ಡಿಮೆನ್ಶಿಯ ಕಾರ್ಯಕ್ರಮ ಶುರು ಮಾಡಿ, ಹಗಲು ಆರೈಕೆಯನ್ನೂ ಅದರಲ್ಲಿ ಸೇರಿಸಿತ್ತು. ನಮ್ಮ ಪಕ್ಕದ ರಾಜ್ಯದಲ್ಲಿ ಯೋಚನೆ ಮಾಡಿದ್ದನ್ನು ನಾವು ಮಾಡಲಾರೆವು ಅನ್ನೋಕೆ ಕಾರಣ ಇಲ್ಲ.

ಇದನ್ನು ಮನೆಯಲ್ಲಿ ಹೇಳಿದಾಗ ಮೂರು ಆಕ್ಷೇಪ ಬಂದವು. ಮೊದಲನೆಯದು ನಮ್ಮಪ್ಪನದ್ದು: “ಶೃಂಗೇರಿಗೆ 100 ಹಾಸಿಗೆ ಆಸ್ಪತ್ರೆ ಬೇಕು ಅಂತ ಜನ ಎಷ್ಟು ವರ್ಷದಿಂದ ಕೇಳ್ತಿದ್ದಾರೆ. ಹೆರಿಗೆಗೆ, ಆಕ್ಸಿಡೆಂಟಿಗೆ ಘಾಟಿ ಇಳೀಬೇಕು. ಅದರ ಮಧ್ಯೆ ಮರೆವಿನವರಿಗೆ ಯಾರು ಮಾಡ್ತಾರೆ?” ಈ ಮಾತಿಗೆ ತೂಕ ಇದೆ. ಆಸ್ಪತ್ರೆ ಮೊದಲು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಜ್ಜಿ ಮನೆಗೆ ಸ್ಪೆಷಲಿಸ್ಟ್ ಬೇಕಾಗಿಲ್ಲ, ಸ್ಕ್ಯಾನಿಂಗ್ ಮಷೀನ್ ಬೇಕಾಗಿಲ್ಲ. ಆಸ್ಪತ್ರೆಗೆ ಬೇಕಾದ ದುಡ್ಡಿನಿಂದ ಕಿತ್ತುಕೊಳ್ಳುವಷ್ಟು ದೊಡ್ಡದೂ ಅಲ್ಲ.

ಎರಡನೆಯದು ದೊಡ್ಡಪ್ಪನದ್ದು: “ಅಮ್ಮನ್ನ ಹೊರಗೆ ಬಿಟ್ರೆ ಊರವರು ಎಂತ ಅಂತಾರೆ?” ಯಾರೂ ಅಜ್ಜಿಯನ್ನು ವೃದ್ಧಾಶ್ರಮಕ್ಕೆ ಕಳಿಸಿ ಅಂತಿಲ್ಲ. ಅಜ್ಜಿ ಕೊನೆವರೆಗೂ ತನ್ನ ಮನೆಯಲ್ಲೇ ಇರಬೇಕಾದರೆ, ಅವರನ್ನು ನೋಡಿಕೊಳ್ಳುವವರು ಮೊದಲು ಹಾಸಿಗೆ ಹಿಡಿಯಬಾರದು. ಮಗುವನ್ನು ಅಂಗನವಾಡಿಗೆ ಕಳಿಸಿದ ತಾಯಿಯನ್ನು ಮಗು ಬಿಟ್ಟವಳು ಅಂತ ಯಾರೂ ಅನ್ನಲ್ಲ.

ಮೂರನೆಯದು ದೊಡ್ಡಮ್ಮನದ್ದೇ: “ಅವರು ಬೇರೆಯವರ ಹತ್ರ ಇರಲ್ಲ ಪುಟ್ಟಿ. ನನ್ನ ಬಿಟ್ರೆ ಊಟ ಮಾಡಲ್ಲ.” ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಮೊದಲ ದಿನ ನಾನು ಕೂತಾಗ ಅಜ್ಜಿ ಹತ್ತು ನಿಮಿಷಕ್ಕೊಂದು ಸಲ ಬಾಗಿಲಿಗೆ ಹೋಗಿ ನೋಡ್ತಿದ್ದರು. ನನ್ನನ್ನು ‘ಯಾರ ಮನೆ ಕೂಸು’ ಅಂತ ಕೇಳಿದರು. ಮೂರನೇ ದಿನ ಕೈಗೆ ಒಂದು ತಟ್ಟೆ ಅವರೆಕಾಳು ಕೊಟ್ಟು ಜೊತೆಗೆ ಆರಿಸ್ತಾ ಕೂತೆ. ಆರಿಸಿದ್ದನ್ನೇ ಮತ್ತೆ ಬೆರೆಸಿ ಮತ್ತೆ ಆರಿಸಿದರು. ಒಂದೂವರೆ ಗಂಟೆ ಹೋಗಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಹೊಸಬರು ದಿನಾ ಬದಲಾದರೆ ಆಗಲ್ಲ, ಅದೇ ಮುಖ ಅದೇ ಹೊತ್ತಿಗೆ ಬಂದರೆ ಆಗುತ್ತೆ ಅನ್ನೋದು ನನ್ನ ಅನುಭವ.

ಟೆಕ್ನಾಲಜಿ ಬೇಡ ಅಂತ ನಾನು ಹೇಳ್ತಿಲ್ಲ, ಇಂಜಿನಿಯರಿಂಗ್ ಓದ್ತಾ ಹಾಗೆ ಹೇಳೋಕೆ ಆಗುತ್ತಾ! ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಐಐಎಸ್ಸಿಯ ಮೆದುಳು ಸಂಶೋಧನಾ ಕೇಂದ್ರ 45 ದಾಟಿದ ಸಾವಿರಾರು ಜನರನ್ನು ವರ್ಷಗಟ್ಟಲೆ ಪರೀಕ್ಷಿಸ್ತಾ ಬಂದಿದೆ. ಮರೆಗುಳಿತನ ಹೇಗೆ ಶುರುವಾಗುತ್ತೆ ಅಂತ ತಿಳಿಯೋಕೆ ಅಂಥ ಕೆಲಸ ಬೇಕೇ ಬೇಕು. ಆದರೆ ನಮ್ಮ ಹ್ಯಾಕಥಾನ್ ಪ್ರಾಜೆಕ್ಟ್‌ಗಳಲ್ಲಿ ಒಂದು ಕುರುಡು ಇದೆ. ನನ್ನ ಬ್ಯಾಂಡನ್ನು ಚಾರ್ಜ್ ಮಾಡೋದು ಯಾರು? ದೊಡ್ಡಮ್ಮ. ಕಳಚಿದಾಗ ಮತ್ತೆ ಕಟ್ಟೋದು ಯಾರು? ದೊಡ್ಡಮ್ಮ. ಅಲರ್ಟ್ ಬಂದಾಗ ಓಡೋದು ಯಾರು? ಅವರೇ. ಸಹಾಯ ಅಂತ ಹೇಳಿ ನಾನು ಅವರ 18 ಗಂಟೆಯ ಕೆಲಸಕ್ಕೆ ಇನ್ನೊಂದು ಕೆಲಸ ಸೇರಿಸಿದ್ದೆ. ಮುಂದಿನ ಸಲ ‘ಹಿರಿಯರ ಆರೈಕೆ’ ಥೀಮ್ ಬಂದರೆ ಜಡ್ಜ್‌ಗಳು ಒಂದೇ ಪ್ರಶ್ನೆ ಕೇಳಲಿ: ಇದರಿಂದ ನೋಡಿಕೊಳ್ಳುವವರ ಎಷ್ಟು ನಿಮಿಷ ಉಳಿಯುತ್ತೆ?

ಪಂಚಾಯಿತಿ ಮಾಡುವವರೆಗೆ ನಾವೇನು ಮಾಡಬಹುದು? ನಮಗೆಲ್ಲ ಡಿಗ್ರಿ ಮುಗಿಯುವಷ್ಟರಲ್ಲಿ 100 ಆಕ್ಟಿವಿಟಿ ಪಾಯಿಂಟ್ ಬೇಕು. ಅದನ್ನು ಹೇಗೆ ಗಳಿಸ್ತೀವಿ ಅಂತ ನಮಗೆ ನಮಗೇ ಗೊತ್ತು: ಒಂದು ಗಿಡ, ಹದಿನೈದು ಜನ, ಮೂವತ್ತು ಫೋಟೋ. ಎನ್‌ಎಸ್‌ಎಸ್‌ನಲ್ಲಿ ಇರುವವರಿಗೆ ವರ್ಷಕ್ಕೆ 120 ಗಂಟೆ. ಅದರಲ್ಲಿ ಒಂದು ಪಾಲನ್ನು, ತರಬೇತಿ ತಗೊಂಡು, ಕಾಲೇಜಿನ ಸುತ್ತಮುತ್ತ ಇರುವ ಇಂಥ ಮನೆಗಳಿಗೆ ಕೊಡೋಕೆ ಆಗಲ್ವಾ? ಒಂದು ಮನೆಗೆ ಇಬ್ಬರು, ವಾರಕ್ಕೆ ಎರಡು ಗಂಟೆ, ಒಂದು ಸೆಮ್ ಪೂರ್ತಿ ಅದೇ ಇಬ್ಬರು. ಫೋಟೋ ಬೇಡ. ನಮ್ಮ ಎನ್‌ಎಸ್‌ಎಸ್ ಆಫೀಸರ್‌ಗೆ ಇದನ್ನು ಬರೆದು ಕೊಟ್ಟಿದ್ದೀನಿ. ಸೇರುವವರು ಕನ್ನಡ ಸಂಘದ ಗ್ರೂಪಿನಲ್ಲಿ ಹೆಸರು ಹಾಕಿ.

ನಮ್ಮ ಮನೆಯಲ್ಲಿ ಆಗಿದ್ದು ಇಷ್ಟು. ಕಸಿನ್ಸ್ ಐದು ಜನ ಸೇರಿ ಒಂದು ಶೀಟ್ ಮಾಡಿದ್ವಿ, ಈ ಸಲ ಹುಡುಗರ ಹೆಸರೂ ಇದೆ. ತಿಂಗಳಿಗೆ ಒಂದು ಶನಿವಾರ-ಭಾನುವಾರ ಒಬ್ಬೊಬ್ಬರು ಮೆಣಸೆಗೆ ಹೋಗಬೇಕು. ಎರಡು ಸಲ ತಪ್ಪಿದೆ, ಒಂದು ನನ್ನದೇ, ಇಂಟರ್ನಲ್ಸ್ ಇತ್ತು. ದಸರಾ ರಜೆಯಲ್ಲಿ ನಾನು ಮತ್ತು ಬೆಂಗಳೂರಿನ ಅಣ್ಣ ಎಂಟು ದಿನ ಅಲ್ಲಿದ್ವಿ. ಅಣ್ಣ ಮೊದಲ ಸಲ ಅಜ್ಜಿಗೆ ಸ್ನಾನಕ್ಕೆ ನೀರು ತೋಡಿಕೊಟ್ಟ, ಊಟ ಮಾಡಿಸಿದ. ದೊಡ್ಡಮ್ಮನ ಒಂದು ಕಣ್ಣಿನ ಆಪರೇಷನ್ ಆಯಿತು. ಇನ್ನೊಂದು ಕಣ್ಣು ಬಾಕಿ ಇದೆ, ಸೆಮ್ ಎಂಡ್ ರಜೆಗೆ ಅಂತ ಇಟ್ಟುಕೊಂಡಿದ್ದೀವಿ. ಐದು ಜನ ಮೊಮ್ಮಕ್ಕಳು ಇರುವ ಮನೆಯಲ್ಲಿ ಇಷ್ಟಕ್ಕೇ ಇಷ್ಟು ಕಷ್ಟವಾದರೆ, ಗಂಡ-ಹೆಂಡತಿ ಇಬ್ಬರೇ ಇರುವ ಮನೆಗಳ ಗತಿ ಏನು? ಅದಕ್ಕೇ ಹೇಳಿದ್ದು, ಇದು ಮನೆಮನೆಯ ಒಳ್ಳೇತನಕ್ಕೆ ಬಿಡುವ ವಿಷಯ ಅಲ್ಲ ಅಂತ.

ಈ ಸಲ ಊರಿಗೆ ಫೋನ್ ಮಾಡಿದಾಗ “ಅಜ್ಜಿ ಹೇಗಿದ್ದಾರೆ?” ಅಂತ ಕೇಳಿ ಇಟ್ಟುಬಿಡಬೇಡಿ. ಫೋನ್ ಎತ್ತಿದವರನ್ನು “ನೀವು ಹೇಗಿದ್ದೀರಿ? ನಿನ್ನೆ ರಾತ್ರಿ ನಿದ್ದೆ ಮಾಡಿದ್ರಾ?” ಅಂತ ಕೇಳಿ. ನಾನು ಹಾಗೆ ಮೊದಲ ಸಲ ಕೇಳಿದಾಗ ದೊಡ್ಡಮ್ಮ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ನಲವತ್ತು ನಿಮಿಷ ಮಾತಾಡಿದರು, ಕಂಬದ ಹತ್ತಿರ ನಿಂತುಕೊಂಡೇ.